ಹಾಲುಹಲ್ಲಿನ ಆರೈಕೆ: ಮೊದಲ ಹಲ್ಲು ಮೂಡುವ ಮುನ್ನದಿಂದ ಕೊನೆಯ ದವಡೆಹಲ್ಲು ಬೀಳುವವರೆಗೆ

"ಹೆಂಗಿದ್ರೂ ಬಿದ್ದುಹೋಗೋ ಹಲ್ಲು, ಅದಕ್ಯಾಕೆ ದುಡ್ಡು ಸುರೀಬೇಕು?" ಎಂಬ ಮಾತು ದಾವಣಗೆರೆ ಸೀಮೆಯಲ್ಲಿ ಹೊಸದಲ್ಲ. ನನ್ನ ದೊಡ್ಡ ಮಗಳಿಗೆ ಐದು ವರ್ಷವಿದ್ದಾಗ ನಾನೇ ಆ ಮಾತನ್ನಾಡಿದ್ದೆ, ಅದರ ಬೆಲೆಯನ್ನು ಆಕೆಯ ಹನ್ನೊಂದನೆಯ ವಯಸ್ಸಿನಲ್ಲಿ ತೆತ್ತೆ. ಈ ಲೆಕ್ಕ ತಪ್ಪುವುದು ಒಂದೇ ಕಡೆ: ಹಾಲುಹಲ್ಲುಗಳೆಲ್ಲ ಒಟ್ಟಿಗೆ ಬೀಳುತ್ತವೆಂದು ನಾವು ಭಾವಿಸಿರುತ್ತೇವೆ. ಮುಂದಿನ ಬಾಚಿಹಲ್ಲುಗಳು ಆರೇಳನೆಯ ವರ್ಷದಲ್ಲಿ ಉದುರುವುದು ನಿಜ, ಆದರೆ ಹಿಂದಿನ ದವಡೆಹಲ್ಲುಗಳು 10ರಿಂದ 12ನೆಯ ವರ್ಷದವರೆಗೆ ಬಾಯಲ್ಲಿ ನಿಂತು ಕೆಲಸ ಮಾಡಬೇಕು. ನಾಲ್ಕನೆಯ ವರ್ಷಕ್ಕೆ ಹುಳುಕಾದ ದವಡೆಹಲ್ಲನ್ನು "ಬೀಳುವ ಹಲ್ಲು" ಎಂದು ಬಿಟ್ಟರೆ, ಅದು ಬೀಳಲು ಇನ್ನೂ ಆರೇಳು ವರ್ಷ ಬೇಕು. ಅಷ್ಟು ವರ್ಷ ಮಗು ಅದೇ ಹಲ್ಲಿನಲ್ಲಿ ರೊಟ್ಟಿ ಅಗಿಯಬೇಕು.

ಮುಂದಿನ ಹೆಜ್ಜೆಗಳನ್ನು ಹೆಚ್ಚುಕಡಿಮೆ ಮಗುವಿನ ವಯಸ್ಸಿನ ಕ್ರಮದಲ್ಲೇ ಇಟ್ಟಿದ್ದೇನೆ. ನಿಮ್ಮ ಮಗು ಈಗಿರುವ ವಯಸ್ಸಿನಿಂದ ಓದಲು ಹಿಡಿಯಬಹುದು, ಆದರೆ ನೀರಿನ ಭಾಗವನ್ನು ಮಾತ್ರ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳವರು ಯಾರೂ ಬಿಡಬಾರದು.

ಹಾಲುಹಲ್ಲಿನ ಅಡಿಯಲ್ಲಿ ಏನಿದೆ

ಹಾಲುಹಲ್ಲುಗಳು ಒಟ್ಟು 20, ಮೇಲೆ ಹತ್ತು, ಕೆಳಗೆ ಹತ್ತು. ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ, ಬಸಿರಿನ ನಾಲ್ಕನೆಯ ತಿಂಗಳ ಸುಮಾರಿಗೆ, ಅವು ಗಟ್ಟಿಯಾಗತೊಡಗುತ್ತವೆ. ಪ್ರತಿಯೊಂದು ಹಾಲುಹಲ್ಲಿನ ಬೇರಿನ ಬಳಿ, ಮೂಳೆಯೊಳಗೆ, ಅದರ ಜಾಗಕ್ಕೆ ಬರಬೇಕಾದ ಶಾಶ್ವತ ಹಲ್ಲಿನ ಮೊಗ್ಗು ಇರುತ್ತದೆ. ದವಡೆಹಲ್ಲುಗಳಲ್ಲಂತೂ ಕಾವಿಗೆ ಕೂತ ಕೋಳಿಯ ಕೆಳಗಿನ ಮೊಟ್ಟೆಯಂತೆ, ಬೇರುಗಳ ನಡುವೆಯೇ ಆ ಮೊಗ್ಗು ಬೆಳೆಯುತ್ತದೆ. ಮೊಗ್ಗು ಮೇಲೇರುತ್ತ ಬಂದಂತೆ ಹಾಲುಹಲ್ಲಿನ ಬೇರು ಕರಗುತ್ತ ಹೋಗಿ, ಕೊನೆಗೆ ಹಿಡಿತವಿಲ್ಲದೆ ಹಲ್ಲು ಅಲುಗಾಡಿ ಬೀಳುತ್ತದೆ. ಬಿದ್ದ ಹಲ್ಲಿನಲ್ಲಿ ಬೇರು ಕಾಣದಿರುವುದರಿಂದ ಹಾಲುಹಲ್ಲಿಗೆ ಬೇರೇ ಇಲ್ಲವೆಂದು ಎಷ್ಟೋ ಜನ ನಂಬಿದ್ದಾರೆ. ಬೇರು ಇತ್ತು, ಕರಗಿತು, ಅಷ್ಟೇ.

ಹೀಗಿರುವುದರಿಂದ ಹಾಲುಹಲ್ಲಿನ ಬೇರಿನ ತುದಿಯಲ್ಲಿ ಕೀವು ಕಟ್ಟಿದರೆ ಅದು ಕೆಳಗಿನ ಮೊಗ್ಗಿಗೂ ತಾಗಬಹುದು. ಅಂಥ ಮೊಗ್ಗಿನಿಂದ ಬಂದ ಶಾಶ್ವತ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಮಚ್ಚೆ, ಕೆಲವೊಮ್ಮೆ ಗುಳಿಬಿದ್ದ ಮೇಲ್ಮೈ ಕಾಣಿಸುತ್ತದೆ; ವೈದ್ಯರು ಅದನ್ನು ಟರ್ನರ್ ಹಲ್ಲು ಎನ್ನುತ್ತಾರೆ. ಇನ್ನೊಂದು ಸಂಗತಿಯೆಂದರೆ, ಹಾಲುಹಲ್ಲಿನ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಹೊದಿಕೆ) ಶಾಶ್ವತ ಹಲ್ಲಿನದಕ್ಕಿಂತ ತೆಳು, ಸುಮಾರು ಅರ್ಧದಷ್ಟು ಮಾತ್ರ. ಒಳಗಿನ ನರವಿರುವ ತಿರುಳು ಹೊರಮೈಗೆ ಹತ್ತಿರದಲ್ಲೇ ಇರುತ್ತದೆ. ಆದ್ದರಿಂದ ದೊಡ್ಡವರಲ್ಲಿ ವರ್ಷಗಟ್ಟಲೆ ತೆವಳುವ ಹುಳುಕು ಮಕ್ಕಳಲ್ಲಿ ಕೆಲವೇ ತಿಂಗಳುಗಳಲ್ಲಿ ನರದವರೆಗೆ ಇಳಿದಿರುತ್ತದೆ.

ಮೊದಲ ಹೆಜ್ಜೆ: ಹಲ್ಲು ಬರುವ ಮುನ್ನ ಮತ್ತು ಬರುವಾಗ

ಹಲ್ಲಿಲ್ಲದ ಬಾಯಿಗೂ ಆರೈಕೆ ಬೇಕು. ಸ್ವಚ್ಛವಾದ ಮೆತ್ತನೆಯ ಹತ್ತಿ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ, ದಿನಕ್ಕೊಮ್ಮೆ ಮಗುವಿನ ಒಸಡನ್ನು ಒರೆಸಿದರೆ ಸಾಕು. ಇದರ ದೊಡ್ಡ ಲಾಭವೆಂದರೆ ಬಾಯೊಳಗೆ ಬೆರಳು ಬರುವುದು ಮಗುವಿಗೆ ರೂಢಿಯಾಗುವುದು; ಮುಂದೆ ಬ್ರಷ್ ಕಂಡಾಗ ಅಷ್ಟು ರಂಪ ಮಾಡುವುದಿಲ್ಲ.

ಸಾಮಾನ್ಯವಾಗಿ 6ರಿಂದ 10 ತಿಂಗಳ ನಡುವೆ ಕೆಳಗಿನ ನಡುವಿನ ಎರಡು ಬಾಚಿಹಲ್ಲುಗಳು ಮೊದಲು ಕಾಣಿಸುತ್ತವೆ. ಆಮೇಲೆ ಮೇಲಿನವು, ಪಕ್ಕದವು, 13ರಿಂದ 19 ತಿಂಗಳಲ್ಲಿ ಮೊದಲ ದವಡೆಹಲ್ಲು, ಅದರ ಬಳಿಕ ಕೋರೆಹಲ್ಲು, ಕೊನೆಗೆ ಎರಡರಿಂದ ಎರಡೂಮುಕ್ಕಾಲು ವರ್ಷದ ಸುಮಾರಿಗೆ ಎರಡನೆಯ ದವಡೆಹಲ್ಲು ಬರುತ್ತದೆ. ಕೆಲವು ತಿಂಗಳು ಹಿಂದುಮುಂದಾದರೆ ಹೆದರಬೇಕಿಲ್ಲ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂದು ಹಿರಿಯರು ಹೇಳುವುದುಂಟು; ನನ್ನ ಚಿಕ್ಕ ಮಗನಿಗೆ ಹಾಗೆಯೇ ಬಂದವು, ಅವನ ಸೋದರಮಾವ ಗಟ್ಟಿಮುಟ್ಟಾಗಿಯೇ ಇದ್ದಾನೆ.

ಹಲ್ಲು ಬರುವಾಗ ಜೊಲ್ಲು ಸುರಿಯುವುದು, ಒಸಡು ಕೆಂಪಾಗುವುದು, ಸಿಕ್ಕಿದ್ದನ್ನೆಲ್ಲ ಕಚ್ಚುವುದು ಸಹಜ. ಜೋರು ಜ್ವರ, ಭೇದಿ ಹಲ್ಲಿನಿಂದ ಬರುವಂಥವಲ್ಲ. ಕಚ್ಚಲು ನೆಲದ ವಸ್ತುಗಳನ್ನೆಲ್ಲ ಬಾಯಿಗಿಡುವ ವಯಸ್ಸಾದ್ದರಿಂದ ಸೋಂಕು ತಗುಲಿರುತ್ತದೆ. "ಹಲ್ಲಿನ ಭೇದಿ, ತಾನೇ ನಿಲ್ಲುತ್ತದೆ" ಎಂದು ಕಾಯುತ್ತ ಕೂತು ಮಗುವಿನ ಮೈನೀರು ಬತ್ತಿಸಿಕೊಳ್ಳಬಾರದು. ಒಸಡಿಗೆ ಜೇನು ಸವರುವುದೂ ಬೇಡ, ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯಕಾರಿ. ತೊಳೆದು ತಣ್ಣಗಿಟ್ಟ ಒದ್ದೆ ಬಟ್ಟೆಯನ್ನು ಕಚ್ಚಲು ಕೊಟ್ಟರೆ ಅದಕ್ಕಿಂತ ಚೆನ್ನಾಗಿ ಹಿತವಾಗುತ್ತದೆ.

ಎರಡನೆಯ ಹೆಜ್ಜೆ: ಮನೆಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ತಿಳಿಯಿರಿ

ಬೇರೆ ಊರಿನವರಿಗೆ ಬರೆದ ದಂತ ಸಲಹೆಗಳು ನಮ್ಮ ಕಡೆ ಪೂರ್ತಿ ಒಗ್ಗದಿರುವುದು ಈ ಒಂದು ಕಾರಣಕ್ಕೆ. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಒಣಭಾಗದಲ್ಲಿ, ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಬಂಡೆಯಲ್ಲಿರುವ ಖನಿಜದಿಂದ ಅದು ನೀರಿಗೆ ಇಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪುವಂಥದ್ದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ. ದಾವಣಗೆರೆ ನಗರಕ್ಕೆ ತುಂಗಭದ್ರೆಯ ಮತ್ತು ಭದ್ರಾ ನಾಲೆಯ ನೀರು, ಚಿತ್ರದುರ್ಗ ನಗರಕ್ಕೆ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರದ ನೀರು ಬರುವುದರಿಂದ ನಲ್ಲಿಯ ನೀರನ್ನೇ ಕುಡಿಯುವ ನಗರದ ಮನೆಗಳಿಗೆ ಈ ಚಿಂತೆ ಕಡಿಮೆ. ಆದರೆ ಬೇಸಿಗೆಯಲ್ಲಿ ಬಡಾವಣೆಯ ಬೋರ್‌ವೆಲ್‌ಗೆ ಬಾಯೊಡ್ಡುವವರು ತಮ್ಮನ್ನು ನಗರದವರೆಂದು ಎಣಿಸಿಕೊಳ್ಳುವಂತಿಲ್ಲ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಫ್ಲೋರೈಡ್ ಹೆಚ್ಚಾದ ನೀರಿನ ಗುರುತು ಹಾಲುಹಲ್ಲಿನ ಮೇಲೆ ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಅವುಗಳ ಒಂದು ದೊಡ್ಡ ಪಾಲು ಬಸಿರಿನಲ್ಲೇ ರೂಪುಗೊಂಡಿರುತ್ತದೆ. ಮುಂದಿನ ಶಾಶ್ವತ ಬಾಚಿಹಲ್ಲುಗಳ ಎನಾಮೆಲ್ ಮಾತ್ರ ಹುಟ್ಟಿದ ಮೇಲೆ ನಾಲ್ಕೈದು ವರ್ಷದವರೆಗೆ ಒಸಡಿನೊಳಗೆ ಕಟ್ಟುತ್ತಿರುತ್ತದೆ. ಹಾಲುಹಲ್ಲು ಬೆಳ್ಳಗೆ ಹೊಳೆಯುತ್ತಿರುವ ಅದೇ ವಯಸ್ಸಿನಲ್ಲಿ ಕುಡಿದ ನೀರು, ಏಳನೆಯ ವರ್ಷಕ್ಕೆ ಮೂಡುವ ಹೊಸ ಹಲ್ಲಿನ ಮೇಲೆ ಸುಣ್ಣದ ಗೆರೆಯಾಗಿಯೋ ಕಂದು ಕಲೆಯಾಗಿಯೋ ಹೊರಬೀಳುತ್ತದೆ. ಆ ಕಲೆಯನ್ನು ಎಷ್ಟು ಉಜ್ಜಿದರೂ ತೆಗೆಯಲಾಗದು. ಎನಾಮೆಲ್ ಕಟ್ಟಿರುವುದೇ ಹಾಗೆ.

ಮಾಡಬೇಕಾದುದಿಷ್ಟು. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವ ಕಿಟ್ ಇದೆಯೇ ಎಂದು ವಿಚಾರಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೂ ಮಾದರಿ ಕೊಡಬಹುದು. ಕೈಗೆ ಬರುವ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಹೆಚ್ಚಿದ್ದರೆ ಮಗುವಿನ ಕುಡಿಯುವ ನೀರಿಗೆ ಮಾತ್ರವಲ್ಲದೆ ರಾಗಿ ಸರಿ, ಗಂಜಿ, ಬೇಳೆಕಟ್ಟಿಗೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಕುದಿಸಿದಾಗ ಆವಿಯಾಗುವುದು ನೀರು, ಫ್ಲೋರೈಡ್ ತಳದಲ್ಲೇ ಉಳಿದು ಇನ್ನಷ್ಟು ಮಂದವಾಗುತ್ತದೆ. ಆರ್‌ಒ ಶೋಧನೆ ಅದನ್ನು ತೆಗೆಯುತ್ತದೆ, ಬಟ್ಟೆಯ ಸೋಸು ತೆಗೆಯುವುದಿಲ್ಲ.

ಮೂರನೆಯ ಹೆಜ್ಜೆ: ಹಲ್ಲುಜ್ಜುವುದು, ಅಂದರೆ ನೀವು ಉಜ್ಜುವುದು

ಮೊದಲ ಹಲ್ಲು ಮೂಡಿದ ದಿನದಿಂದಲೇ ಬ್ರಷ್ ಶುರುವಾಗಬೇಕು. ಚಿಕ್ಕ ತಲೆಯ, ಮೆತ್ತನೆಯ ಎಳೆಗಳ ಬ್ರಷ್ ತೆಗೆದುಕೊಂಡು, ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ. ಟಿವಿ ಜಾಹೀರಾತಿನಲ್ಲಿ ಬ್ರಷ್ಷಿನುದ್ದಕ್ಕೂ ಅಲೆಯಂತೆ ಹಾಸುವ ಪೇಸ್ಟು ಮಕ್ಕಳಿಗಲ್ಲ.

ನೀರಿನಲ್ಲೇ ಫ್ಲೋರೈಡ್ ಇರುವಾಗ ಪೇಸ್ಟಿನಲ್ಲೇಕೆ ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಸಹಜವಾಗಿಯೇ ಬರುತ್ತದೆ. ನುಂಗಿದ ಫ್ಲೋರೈಡ್ ಒಳಗೆ ಕಟ್ಟುತ್ತಿರುವ ಹಲ್ಲನ್ನು ಕೆಡಿಸುತ್ತದೆ; ಹೊರಗಿನಿಂದ ತಾಗಿದ್ದು ಮೂಡಿದ ಹಲ್ಲನ್ನು ಹುಳುಕಿನಿಂದ ಕಾಯುತ್ತದೆ. ಕಲೆ ಬಿದ್ದ ಹಲ್ಲಿಗೂ ಹುಳುಕು ಹಿಡಿಯುತ್ತದೆ, ಒಂದೇ ಬಾಯಲ್ಲಿ ಎರಡೂ ಇರಬಹುದು. ಆದ್ದರಿಂದ ಪೇಸ್ಟ್ ಬಿಡುವ ಬದಲು ಅದರ ಅಳತೆಯನ್ನು ಬಿಗಿಯಾಗಿಟ್ಟು, ಉಗುಳುವುದನ್ನು ಕಲಿಸಬೇಕು. ಕೊಳವೆಬಾವಿ ನೀರಲ್ಲದೆ ಬೇರೆ ದಾರಿಯೇ ಇಲ್ಲದ ಹಳ್ಳಿಯವರು ಪೇಸ್ಟಿನ ವಿಷಯದಲ್ಲಿ ಮಕ್ಕಳ ದಂತವೈದ್ಯರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಉಜ್ಜುವ ಕ್ರಮ ಹೀಗೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಮಗುವಿನ ತಲೆಯನ್ನು ನಿಮ್ಮ ತೊಡೆಯ ಮೇಲೆ ಮಲಗಿಸಿ, ಮುಖ ಮೇಲಕ್ಕಿರಲಿ. ಎಡಗೈಯ ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆ ಸರಿಸಿದರೆ ದವಡೆಹಲ್ಲಿನ ಹೊರಮೈ ಪೂರ್ತಿ ಕಾಣುತ್ತದೆ. ಬ್ರಷ್ಷನ್ನು ಒಸಡು ಮತ್ತು ಹಲ್ಲು ಸೇರುವ ಅಂಚಿನಲ್ಲಿಟ್ಟು ಸಣ್ಣ ಸುತ್ತು ಸುತ್ತಿಸುತ್ತ, ಹೊರಮೈ, ಒಳಮೈ, ಅಗಿಯುವ ಮೈ ಎಂದು ಎರಡು ನಿಮಿಷದಲ್ಲಿ ಮುಗಿಸಿ. ಎದುರು ನಿಂತು ಉಜ್ಜಿದರೆ ಮುಂದಿನ ಆರು ಹಲ್ಲಷ್ಟೇ ಶುದ್ಧವಾಗುತ್ತವೆ. ಮಗು ತಾನೇ ಉಜ್ಜುತ್ತೇನೆಂದರೆ ಮೊದಲು ಅದಕ್ಕೇ ಬಿಟ್ಟು ಆಮೇಲೆ ನೀವು ಒಂದು ಸುತ್ತು ಹಾಕಿ. ಏಳೆಂಟು ವರ್ಷದವರೆಗೆ ಈ ಎರಡನೆಯ ಸುತ್ತು ತಪ್ಪಬಾರದು. ಎರಡು ಹೊತ್ತಿನಲ್ಲಿ ಒಂದನ್ನೇ ಆರಿಸಬೇಕಾದರೆ ರಾತ್ರಿಯದನ್ನು ಆರಿಸಿ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲಿಗೆ ರಕ್ಷಣೆ ಇರುವುದಿಲ್ಲ. ಇದ್ದಿಲ ಪುಡಿ, ಇಟ್ಟಿಗೆ ಪುಡಿ, ಉಪ್ಪಿನ ಪುಡಿ ತೆಳ್ಳನೆಯ ಎನಾಮೆಲ್ಲನ್ನು ತೇಯುತ್ತವೆ. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯನ್ನು ಮನೆಯೊಳಗೇ ತರಬೇಡಿ.

ನಾಲ್ಕನೆಯ ವರ್ಷದ ಹೊತ್ತಿಗೆ ಎರಡು ದವಡೆಹಲ್ಲುಗಳು ಪರಸ್ಪರ ಒತ್ತಿಕೊಂಡಿದ್ದರೆ ಬ್ರಷ್ ಆ ಸಂದಿಗೆ ಹೋಗುವುದಿಲ್ಲ. ಮಕ್ಕಳ ಹುಳುಕು ಹೆಚ್ಚಾಗಿ ಅಡಗಿ ಕೂರುವ ಜಾಗವೇ ಅದು. ರಾತ್ರಿ ಒಮ್ಮೆ ಫ್ಲಾಸ್ ದಾರ ಆಡಿಸಿದರೆ ಸಾಕು.

ನಾಲ್ಕನೆಯ ಹೆಜ್ಜೆ: ಎಷ್ಟು ತಿಂದಿತು ಎನ್ನುವುದಲ್ಲ, ಎಷ್ಟು ಸಲ ತಿಂದಿತು

ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನೂ ಬೆಂದ ಹಿಟ್ಟನ್ನೂ ಹುಳಿಯಾಗಿಸುತ್ತವೆ, ಆ ಹುಳಿ ಎನಾಮೆಲ್ಲನ್ನು ಕರಗಿಸುತ್ತದೆ. ತಿಂದ ಮೇಲೆ ಅರ್ಧ ಗಂಟೆಯ ಸುಮಾರು ಈ ದಾಳಿ ನಡೆದು, ಆಮೇಲೆ ಜೊಲ್ಲು ನಿಧಾನವಾಗಿ ನಷ್ಟ ತುಂಬುತ್ತದೆ. ಮಗು ಒಂದು ಹೋಳಿಗೆಯನ್ನು ಊಟದೊಂದಿಗೆ ತಿಂದರೆ ಒಂದು ದಾಳಿ. ಅದೇ ಒಂದು ಬಿಸ್ಕತ್ ಪೊಟ್ಟಣವನ್ನು ಮಧ್ಯಾಹ್ನವಿಡೀ ಆಡುತ್ತ ಒಂದೊಂದಾಗಿ ತಿಂದರೆ ಜೊಲ್ಲಿಗೆ ಬಿಡುವೇ ಸಿಗುವುದಿಲ್ಲ. ಸಿಹಿಯನ್ನು ಊಟದ ಹೊತ್ತಿಗೆ ಸೇರಿಸಿ, ನಡುವಿನ ಹಸಿವಿಗೆ ಹುರಿದ ಶೇಂಗಾ, ಸೌತೆಕಾಯಿ, ಮಜ್ಜಿಗೆ ಕೊಡಿ (ಇಡೀ ಶೇಂಗಾ ನಾಲ್ಕು ವರ್ಷದೊಳಗಿನವರಿಗೆ ಗಂಟಲಲ್ಲಿ ಸಿಕ್ಕೀತು, ಅವರಿಗೆ ಪುಡಿ ಮಾಡಿ). ನಮ್ಮೂರಿನ ಖಾರ ಮಂಡಕ್ಕಿಯಲ್ಲಿ ಸಕ್ಕರೆಯಿಲ್ಲವೆಂದು ಧೈರ್ಯದಿಂದಿರುವವರು, ತಿಂದ ಹತ್ತು ನಿಮಿಷದ ಮೇಲೆ ಮಗುವಿನ ದವಡೆಹಲ್ಲಿನ ಗುಳಿಯನ್ನೊಮ್ಮೆ ನೋಡಲಿ. ಮೆತ್ತಿಕೊಂಡ ಹಿಟ್ಟು ಅಲ್ಲೇ ಇರುತ್ತದೆ. ಬಾಯಿ ಮುಕ್ಕಳಿಸಿದರೆ ಅದು ಹೋಗುತ್ತದೆ.

ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವ ಅಭ್ಯಾಸ ಮಾತ್ರ ಯಾವ ರಿಯಾಯಿತಿಗೂ ಅರ್ಹವಲ್ಲ. ಮೇಲಿನ ನಾಲ್ಕು ಬಾಚಿಹಲ್ಲುಗಳು ಒಟ್ಟಿಗೆ ಕರಗುತ್ತ, ಕೆಳಗಿನವು ನಾಲಿಗೆಯ ಮರೆಯಲ್ಲಿ ಉಳಿದುಕೊಂಡಿದ್ದರೆ ಬಾಟಲಿಯ ಕೆಲಸವೆಂದು ವೈದ್ಯರು ನೋಡಿದ ಕೂಡಲೇ ಹೇಳುತ್ತಾರೆ. ಒಂದು ವರ್ಷ ತುಂಬಿದ ಮೇಲೆ ಲೋಟಕ್ಕೆ ರೂಢಿ ಮಾಡಿಸಿ, ರಾತ್ರಿ ಎದ್ದರೆ ನೀರು ಕೊಡಿ. ಸಿಹಿಯಾದ ಜ್ವರದ, ಕೆಮ್ಮಿನ ಸಿರಪ್ ಕುಡಿಸಿದ ಮೇಲೂ ಒಂದು ಗುಟುಕು ನೀರು ಕುಡಿಸಿ.

ಐದನೆಯ ಹೆಜ್ಜೆ: ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ

ಅಮಾವಾಸ್ಯೆಯೋ ಹುಣ್ಣಿಮೆಯೋ, ನೆನಪಿರುವ ಒಂದು ದಿನ ಗೊತ್ತುಮಾಡಿಕೊಳ್ಳಿ. ಕಿಟಕಿಯ ಬೆಳಕಿನಲ್ಲಿ ಮಗುವಿನ ಮೇಲ್ದುಟಿಯನ್ನು ಎತ್ತಿ, ಒಸಡಿನ ಅಂಚನ್ನು ಹತ್ತಿಬಟ್ಟೆಯಿಂದ ಒರೆಸಿ ಒಣಗಿಸಿ ನೋಡಿ. ಒದ್ದೆ ಹಲ್ಲಿನಲ್ಲಿ ಮೊದಲ ಲಕ್ಷಣ ಕಾಣುವುದಿಲ್ಲ. ಒಣಗಿದಾಗ ಒಸಡಿಗೆ ಸಮಾನಾಂತರವಾಗಿ ಸೀಮೆಸುಣ್ಣದಲ್ಲಿ ಎಳೆದಂಥ ಮಬ್ಬು ಬಿಳಿ ಗೆರೆ ಕಂಡರೆ ಅದು ಹುಳುಕಿನ ಆರಂಭ. ಈ ಹಂತದಲ್ಲಿ ಉಜ್ಜುವುದನ್ನು ಸರಿಪಡಿಸಿ ದಂತವೈದ್ಯರಿಂದ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಿಸಿದರೆ ಗೆರೆ ಹಿಂದೆ ಸರಿಯುವ ಸಾಧ್ಯತೆಯಿದೆ. ಹಳದಿ, ಕಂದು, ಗುಳಿ ಎಂದಾದರೆ ವೈದ್ಯರ ಬಳಿಗೆ ಹೋಗಲೇಬೇಕು. ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು ಒಡೆದು ಮತ್ತೆ ಎದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಬೇರಿನ ಕೀವು ಹೊರದಾರಿ ಮಾಡಿಕೊಂಡಿರುವುದರಿಂದಲೇ ನೋವು ಇಳಿದಿರುತ್ತದೆ.

ಮೊದಲ ದಂತ ಭೇಟಿ ಒಂದು ವರ್ಷದೊಳಗೆ, ಆಮೇಲೆ ಆರು ತಿಂಗಳಿಗೊಮ್ಮೆ. ದಾವಣಗೆರೆಯಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ, ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜಿದೆ. ಕಾಲೇಜಿಗೆ ಹೋದಾಗ ಮಕ್ಕಳ ದಂತ ವಿಭಾಗವನ್ನೇ ಕೇಳಿ ಹೋಗಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರ ತಪಾಸಣೆಯಲ್ಲಿ ಹಲ್ಲಿನ ಹುಳುಕೂ ಸೇರಿದೆ, ಅವರು ಬರೆದುಕೊಟ್ಟ ಚೀಟಿಯನ್ನು ಪುಸ್ತಕದೊಳಗೆ ಮರೆಯಬೇಡಿ.

ಆರನೆಯ ಹೆಜ್ಜೆ: ಕೀಳಿಸಬೇಕಾದರೆ ಜಾಗ ಕಾಯಿಸಿಕೊಳ್ಳಿ

ಹುಳುಕು ನರಕ್ಕೆ ತಲುಪಿದ ಮೇಲೂ ದವಡೆಹಲ್ಲನ್ನು ಉಳಿಸುವ ದಾರಿಗಳಿವೆ. ಮೇಲ್ಭಾಗದ ತಿರುಳನ್ನಷ್ಟೇ ತೆಗೆದು ಔಷಧಿ ತುಂಬಿ, ಅದರ ಮೇಲೆ ಉಕ್ಕಿನ ಟೋಪಿ ಕೂರಿಸುತ್ತಾರೆ. ಬೆಳ್ಳಗೆ ಮಿನುಗುವ ಆ ಟೋಪಿ ನೋಡಲು ಚೆಂದವಿಲ್ಲದಿದ್ದರೂ ಹಲ್ಲು ಬೀಳುವವರೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಬಾಯಿ ತೆರೆಯದ ಪುಟ್ಟ ಮಕ್ಕಳಿಗೆ ಹುಳುಕನ್ನು ಅಲ್ಲೇ ತಡೆಯುವ ಬೆಳ್ಳಿ ಬೆರೆತ ಫ್ಲೋರೈಡ್ ದ್ರಾವಣ ಹಚ್ಚುವುದೂ ಉಂಟು, ಹಚ್ಚಿದ ಜಾಗ ಕಪ್ಪಾಗುತ್ತದೆಂದು ಮೊದಲೇ ತಿಳಿದಿರಲಿ.

ನನ್ನ ಮಗಳಿಗೆ ಇದಾವುದೂ ಆಗಲಿಲ್ಲ. ಕೆಳದವಡೆಯ ಎರಡನೆಯ ಹಾಲು ದವಡೆಹಲ್ಲು ನೋಯುತ್ತಿದ್ದಾಗ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಐದು ನಿಮಿಷದಲ್ಲಿ ಕಿತ್ತು ಕೈಗಿಟ್ಟರು, ನಾನೂ ಖರ್ಚು ಉಳಿಯಿತೆಂದು ಸಮಾಧಾನಪಟ್ಟೆ. ಖಾಲಿ ಜಾಗವನ್ನು ಏನು ಮಾಡಬೇಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆರನೆಯ ವರ್ಷದಲ್ಲಿ ಹಿಂದಿನಿಂದ ಮೂಡಿದ ಶಾಶ್ವತ ದವಡೆಹಲ್ಲು, ಬಸ್ಸಿನಲ್ಲಿ ಖಾಲಿ ಸೀಟು ಕಂಡವರಂತೆ ಮುಂದಕ್ಕೆ ಸರಿದು ವಾಲಿಕೊಂಡಿತು. ಹನ್ನೊಂದಕ್ಕೆ ಅಲ್ಲಿ ಬರಬೇಕಾಗಿದ್ದ ಹಲ್ಲಿಗೆ ಜಾಗವೇ ಉಳಿದಿರಲಿಲ್ಲ. ಎಕ್ಸ್‌ರೇಯಲ್ಲಿ ಅದು ಮೂಳೆಯೊಳಗೆ ಸಿಕ್ಕಿಕೊಂಡು ನಿಂತಿರುವುದನ್ನು ವೈದ್ಯರು ಪೆನ್ನಿನ ತುದಿಯಿಂದ ತೋರಿಸಿದರು. ಆಮೇಲೆ ಎರಡು ವರ್ಷಕ್ಕೂ ಮೇಲ್ಪಟ್ಟು ತಂತಿ ಹಾಕಿಸಬೇಕಾಯಿತು.

ಆದ್ದರಿಂದ ದವಡೆಹಲ್ಲು ಕೀಳಲೇಬೇಕೆಂದು ವೈದ್ಯರು ಹೇಳಿದರೆ ಆ ಕುರ್ಚಿಯಲ್ಲೇ ಎರಡು ಪ್ರಶ್ನೆ ಕೇಳಿ: ಇದರ ಕೆಳಗಿನ ಹಲ್ಲು ಬರಲು ಇನ್ನೆಷ್ಟು ವರ್ಷವಿದೆ, ಅಲ್ಲಿಯವರೆಗೆ ಜಾಗ ಕಾಯುವ ಸಾಧನ ಬೇಕೇ? ಈ ಸಾಧನವೆಂದರೆ ಪಕ್ಕದ ಹಲ್ಲಿಗೆ ಕೂರಿಸುವ ಬಳೆ ಮತ್ತು ಅದರಿಂದ ಚಾಚಿದ ತಂತಿಯ ಕುಣಿಕೆ. ಅಂಟು ಮಿಠಾಯಿ ತಿಂದರೆ ಕಳಚುತ್ತದೆ, ಕಳಚಿದರೆ ಆ ವಾರದಲ್ಲೇ ಮತ್ತೆ ಕೂರಿಸಬೇಕು, ಕೆಳಗಿನ ಹಲ್ಲು ಮೂಡತೊಡಗಿದಾಗ ತೆಗೆಸಬೇಕು. ಮುಂದಿನ ಬಾಚಿಹಲ್ಲು ಬೇಗ ಹೋದರೆ ಜಾಗದ ಚಿಂತೆ ಇಷ್ಟಿಲ್ಲ.

ಏಳನೆಯ ಹೆಜ್ಜೆ: ಬೀಳುವ ಕಾಲ

ಆರನೆಯ ವರ್ಷದಲ್ಲಿ ಕೊನೆಯ ಹಾಲು ದವಡೆಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ, ನಾಲ್ಕು ಹೊಸ ದವಡೆಹಲ್ಲುಗಳು ಸದ್ದಿಲ್ಲದೆ ಬರುತ್ತವೆ. ಅವನ್ನು ಹಾಲುಹಲ್ಲೆಂದೇ ತಿಳಿದು ಹುಳುಕಿಗೆ ಬಿಟ್ಟುಕೊಡುವ ಮನೆಗಳು ಬಹಳ. ಅವು ಜೀವನಪೂರ್ತಿ ಇರಬೇಕಾದವು. ಪೂರ್ತಿ ಮೂಡಿದ ಕೂಡಲೇ ಆಳವಾದ ಗುಳಿಗಳನ್ನು ಸೀಲೆಂಟ್ ಎಂಬ ತೆಳು ಲೇಪದಿಂದ ದಂತವೈದ್ಯರಲ್ಲಿ ಮುಚ್ಚಿಸಿ.

ಅಲುಗಾಡುವ ಹಲ್ಲನ್ನು ಮಗು ನಾಲಿಗೆಯಿಂದ ಆಡಿಸಲಿ, ಬಾಗಿಲಿಗೆ ದಾರ ಕಟ್ಟಿ ಎಳೆಯುವ ಆಟ ಬೇಡ. ಕೆಳಗಿನ ಹೊಸ ಬಾಚಿಹಲ್ಲು ಹಳೆಯದರ ಹಿಂದೆ ಎರಡನೆಯ ಸಾಲಾಗಿ ಬಂದರೆ ಗಾಬರಿಯಾಗಬೇಡಿ, ಹಳೆಯದು ಅಲುಗಾಡುತ್ತಿದ್ದರೆ ಸಾಮಾನ್ಯವಾಗಿ ಬಿದ್ದು, ನಾಲಿಗೆಯೇ ಹೊಸದನ್ನು ಮುಂದಕ್ಕೆ ತಳ್ಳುತ್ತದೆ. ಗಟ್ಟಿಯಾಗಿಯೇ ಇದ್ದರೆ ತೋರಿಸಿ. ಎಂಟೊಂಬತ್ತರಲ್ಲಿ ಮೇಲಿನ ಎರಡು ಹಲ್ಲುಗಳ ನಡುವೆ ಸಂದಿ ಬಿಟ್ಟು ಮುಖ ವಿಕಾರವಾಗಿ ಕಾಣುವುದುಂಟು, ಬಹಳ ಮಕ್ಕಳಲ್ಲಿ ಕೋರೆಹಲ್ಲು ಇಳಿದಾಗ ಅದು ಕೂಡಿಕೊಳ್ಳುತ್ತದೆ.

ಬಿದ್ದು ಪೆಟ್ಟಾದಾಗ ಯಾವ ಹಲ್ಲೆಂಬುದು ಮುಖ್ಯ. ಹಾಲುಹಲ್ಲು ಕಿತ್ತುಬಂದರೆ ಅದನ್ನು ಮತ್ತೆ ಜಾಗಕ್ಕೆ ತುರುಕಬೇಡಿ, ಕೆಳಗಿನ ಮೊಗ್ಗಿಗೆ ಏಟಾಗುತ್ತದೆ. ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು, ಮಣ್ಣಾಗಿದ್ದರೆ ಹಾಲಿನಲ್ಲೋ ನೀರಿನಲ್ಲೋ ಒಂದು ಕ್ಷಣ ತೊಳೆದು, ಜಾಗದಲ್ಲೇ ಕೂರಿಸಿ ಅಥವಾ ಹಾಲಿನ ಲೋಟದಲ್ಲಿ ಹಾಕಿ ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಿ.

ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆಯುವ ಪದ್ಧತಿಗೆ ಈಗ ಹಂಚೂ ಇಲ್ಲ, ಸಗಣಿಯೂ ಇಲ್ಲ. ಚಿಕ್ಕ ಮಗನ ಕೊನೆಯ ದವಡೆಹಲ್ಲು ಹನ್ನೊಂದೂವರೆಗೆ ಜೋಳದ ರೊಟ್ಟಿ ತಿನ್ನುವಾಗ ಬಿತ್ತು. ಅವನು ಅದನ್ನು ತೊಳೆದು ನನ್ನ ಅಂಗೈಯಲ್ಲಿಟ್ಟ: ಅಡಿಯಲ್ಲಿ ಬೇರಿಲ್ಲ, ಬಟ್ಟಲಿನಂತೆ ಟೊಳ್ಳು. ಬಾಯಿ ತೆರೆಸಿ ನೋಡಿದರೆ, ಅದು ನಿಂತಿದ್ದ ಜಾಗದಲ್ಲಿಯೇ ಹೊಸ ಹಲ್ಲಿನ ಬಿಳಿ ತುದಿ ಆಗಲೇ ಕಾಣುತ್ತಿತ್ತು.